ತಯಾರಿಸಿದ ಕಂಪನಿ ಮುಚ್ಚಿ ದಶಕಗಳಾಗಿವೆ: ಈ ಫೈಬರ್‌ಗ್ಲಾಸ್ ದೋಣಿಯನ್ನು ಉಳಿಸಿಕೊಳ್ಳಲೋ, ಕತ್ತರಿಸಿ ಎಸೆಯಲೋ?

ಹಿನ್ನೀರು:
ಎಲ್ಲರಿಗೂ ನಮಸ್ಕಾರ. ಹದಿನೇಳು ಅಡಿಯ ಹಳೆಯ ಮೋಟಾರು ದೋಣಿಯೊಂದನ್ನು ಹೋದ ತಿಂಗಳು ಮನೆಗೆ ತಂದಿದ್ದೇನೆ. ಅದನ್ನು ತಯಾರಿಸಿದ ಕಂಪನಿ ಯಾವತ್ತೋ ಬಾಗಿಲು ಹಾಕಿದೆ. ಪಕ್ಕದಲ್ಲಿ ಕ್ರೋಮಿನ ಅಕ್ಷರಗಳಲ್ಲಿ ಹೆಸರಿದೆ, ಅದರಲ್ಲೂ ಎರಡು ಅಕ್ಷರ ಉದುರಿಹೋಗಿವೆ. ಕೈಪಿಡಿ ಇಲ್ಲ, ನಕ್ಷೆ ಇಲ್ಲ, ಕೇಳೋಣವೆಂದರೆ ಕಂಪನಿಯವರು ಯಾರೂ ಇಲ್ಲ.

ಬಣ್ಣ ಮಾಸಿದೆ, ಆದರೆ ಆಕಾರ ನೋಡಿದರೆ ಕಣ್ಣು ತೆಗೆಯಲಾಗುವುದಿಲ್ಲ. ತೊಂದರೆಗಳು ಹೀಗಿವೆ: ಚಾಲಕನ ಆಸನದ ಮುಂದೆ ಕಾಲಿಟ್ಟರೆ ನೆಲ ಮೆತ್ತಗೆ ಕುಸಿಯುತ್ತದೆ. ಔಟ್‌ಬೋರ್ಡ್ ಎಂಜಿನ್ನಿನ ತಲೆ ಹಿಡಿದು ಕೆಳಕ್ಕೆ ಒತ್ತಿದರೆ, ಅದನ್ನು ಹೊತ್ತಿರುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್, ಸ್ವಲ್ಪ ಬಾಗುತ್ತದೆ. ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕುಗಳಿವೆ. ಹೊರಮೈಯಲ್ಲಿ ನೀರಿನ ಕಂದು ಕಲೆಯೊಂದು ಗೆರೆಯಾಗಿ ಉಳಿದಿದೆ, ಹಿಂಭಾಗದಲ್ಲಿ ಅದು ಸಾಕಷ್ಟು ಮೇಲಿದೆ. ಇದು ಕೈಹಾಕುವಂಥ ಕೆಲಸವೇ? ಬಿಡಿಭಾಗಗಳು ಎಲ್ಲಿಂದ ಬರಬೇಕು?

ಲಂಗರು:
ಕಣ್ಣು ತೆಗೆಯಲಾಗುವುದಿಲ್ಲ ಎಂದಿರಲ್ಲ, ಅಲ್ಲೇ ಮೋಸಹೋದಿರಿ. ಪುಕ್ಕಟೆ ಸಿಕ್ಕ ಹಳೆಯ ದೋಣಿಗಿಂತ ದುಬಾರಿಯಾದ ದೋಣಿ ಇನ್ನೊಂದಿಲ್ಲ. ಎಂಜಿನ್ ಮತ್ತು ಟ್ರೇಲರ್ ಇಟ್ಟುಕೊಂಡು ಉಳಿದದ್ದನ್ನು ಗರಗಸಕ್ಕೆ ಕೊಡಿ. ನಾನು ಎರಡು ದೋಣಿಗಳನ್ನು ಹಾಗೆಯೇ ಕತ್ತರಿಸಿದ್ದೇನೆ, ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು.

ಒದ್ದೆ ಪ್ಲೈ:
ಕತ್ತರಿಸುವುದಂತೂ ಸುಲಭ. ಆಮೇಲೆ ಆ ತುಂಡುಗಳನ್ನು ಏನು ಮಾಡುತ್ತೀರಿ? ಅಲ್ಯೂಮಿನಿಯಂ ಆದರೆ ಕರಗಿಸಬಹುದು, ಮರವಾದರೆ ಉರಿಸಬಹುದು. ಫೈಬರ್‌ಗ್ಲಾಸಿನ ನಾರುಗಳನ್ನು ಹಿಡಿದಿಡುವ ಪಾಲಿಯೆಸ್ಟರ್ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಕೊನೆಗೆ ಕಸದ ಗುಂಡಿಯೇ ಗತಿ. ಅದಿರಲಿ, ಹಿನ್ನೀರು ಅವರೇ, ಉಳಿಸಬೇಕೋ ಬೇಡವೋ ಎಂಬುದನ್ನು ಫೋಟೊ ನೋಡಿ ಹೇಳಲಾಗುವುದಿಲ್ಲ, ಸುತ್ತಿಗೆಯಿಂದ ಕೇಳಬೇಕು.

ಸಣ್ಣ ಪ್ಲಾಸ್ಟಿಕ್ ಸುತ್ತಿಗೆ ಅಥವಾ ಸ್ಕ್ರೂಡ್ರೈವರಿನ ಹಿಡಿಯಿಂದ ಟ್ರಾನ್ಸಮ್ಮನ್ನು ಅಂಗೈಯಗಲಕ್ಕೊಂದರಂತೆ ತಟ್ಟುತ್ತ ಹೋಗಿ. ಒಳಗಿನ ಪ್ಲೈವುಡ್ ಗಟ್ಟಿಯಾಗಿದ್ದರೆ ಟಕ್ ಎಂದು ಚುರುಕಾಗಿ ಕೇಳುತ್ತದೆ, ಕೊಳೆತಿದ್ದರೆ ಡೊಬ್ ಎನ್ನುತ್ತದೆ. ಅನುಮಾನ ಬಂದ ಕಡೆ ಒಳಗಿನಿಂದ, ಆದಷ್ಟು ಕೆಳಗೆ, ಆರು ಮಿಲಿಮೀಟರಿನ ರಂಧ್ರ ಕೊರೆಯಿರಿ. ಹೊರಪದರದವರೆಗೆ ಹೋಗಬೇಡಿ. ಬಿಟ್‌ನಿಂದ ಬರುವ ಪುಡಿ ಒಣಗಿ ಬಿಳಿಚಾಗಿದ್ದರೆ ಅದೃಷ್ಟ. ಕಪ್ಪಗೆ ಒದ್ದೆಯಾಗಿದ್ದರೆ ಮುಂದಿನ ಮಾತಾಡೋಣ.

ಚುಕ್ಕಾಣಿ:
ಕಂಪನಿ ಮುಚ್ಚಿದೆ ಎಂಬ ಚಿಂತೆಯನ್ನು ಮೊದಲು ಬಿಡಿ. ಅದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸಣ್ಣ ತೊಂದರೆ. ಆ ಕಾಲದ ಸಣ್ಣ ಕಂಪನಿಗಳು ಸ್ವಂತವಾಗಿ ಮಾಡುತ್ತಿದ್ದದ್ದು ಚಿಪ್ಪನ್ನು ಮಾತ್ರ: ಅಚ್ಚಿಗೆ ಹೊಳಪಿನ ಹೊರಪದರವಾಗುವ ಜೆಲ್‌ಕೋಟ್ ಬಳಿದು, ಗಾಜಿನ ನಾರು ಹಾಸಿ, ರಾಳ ಕುಡಿಸಿ ತೆಗೆದ ಹೊರಮೈ ಮತ್ತು ಡೆಕ್. ಎಂಜಿನ್ ಇನ್ನೊಬ್ಬರದು. ಚುಕ್ಕಾಣಿಯ ಕೇಬಲ್, ಥ್ರಾಟಲ್ ಪೆಟ್ಟಿಗೆ, ದೀಪ, ಕೊಂಡಿ, ಮೀಟರು, ಅಂಚಿನ ರಬ್ಬರು ಎಲ್ಲವೂ ಹೊರಗಿನಿಂದ ಕೊಂಡದ್ದು, ಇವತ್ತಿಗೂ ಅಳತೆ ಕೊಟ್ಟರೆ ಸಿಗುವಂಥವು. ನಿಜಕ್ಕೂ ಸಿಗದೇ ಹೋಗುವುದು ಮುಂದಿನ ಗಾಳಿತಡೆಯ ಗಾಜು ಮತ್ತು ನಿಮ್ಮ ಆ ಎರಡು ಕ್ರೋಮ್ ಅಕ್ಷರಗಳು.

ಟ್ರಾನ್ಸಮ್ಮಿನ ಬಲಗಡೆ ಮೇಲ್ಮೂಲೆಯಲ್ಲಿ ಸಂಖ್ಯೆಯೊಂದು ಕೊರೆದಿದೆಯೇ ನೋಡಿ. ಅಮೆರಿಕದಲ್ಲಿ 1972ರ ನವೆಂಬರಿನಿಂದ ತಯಾರಾದ ದೋಣಿಗಳಿಗೆ ಹನ್ನೆರಡು ಅಕ್ಷರ ಮತ್ತು ಅಂಕಿಗಳ ಗುರುತುಸಂಖ್ಯೆ ಕಡ್ಡಾಯವಾಯಿತು. ಮೊದಲ ಮೂರು ಅಕ್ಷರ ತಯಾರಕರ ಸಂಕೇತ. ಮುಚ್ಚಿಹೋದ ಕಂಪನಿಗಳ ಸಂಕೇತಗಳನ್ನೂ ಅಲ್ಲಿನ ಕೋಸ್ಟ್ ಗಾರ್ಡ್ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿದೆ.

ಹಿನ್ನೀರು:
ಸಂಖ್ಯೆ ಸಿಕ್ಕಿತು, ಬಣ್ಣದ ಮೂರು ಪದರದ ಕೆಳಗೆ. ಪೆನ್ಸಿಲಿನಿಂದ ಕಾಗದದ ಮೇಲೆ ಉಜ್ಜಿ ತೆಗೆದೆ. ಕೊನೆಯಲ್ಲಿ 'ಎಂ77ಡಿ' ಎಂದಿದೆ. ಹಾಗೆಂದರೇನು?

ಚುಕ್ಕಾಣಿ:
ಎಂ ಎಂದರೆ ಮಾದರಿ ವರ್ಷದ ಲೆಕ್ಕದ ಬರಹ. ನಿಮ್ಮದು 1977ರ ಮಾದರಿ. ಮಾದರಿ ವರ್ಷ ಆಗಸ್ಟಿನಿಂದ ಶುರುವಾಗುತ್ತದೆ, ಎ ಎಂದರೆ ಆಗಸ್ಟ್, ಡಿ ಎಂದರೆ ನವೆಂಬರ್. ಹಾಗಾಗಿ ದೋಣಿ ಹುಟ್ಟಿದ್ದು 1976ರ ನವೆಂಬರಿನಲ್ಲಿ. ಈ ಸಂಖ್ಯೆ ಇಟ್ಟುಕೊಂಡು ಹಳೆಯ ಮಾರಾಟದ ಕೈಹಾಳೆಗಳನ್ನು ಹುಡುಕಿ. ಅವನ್ನು ಸಂಗ್ರಹಿಸಿ ಸ್ಕ್ಯಾನ್ ಮಾಡಿಟ್ಟಿರುವ ಹುಚ್ಚರು ಇದ್ದಾರೆ. (ನಾನೂ ಅವರಲ್ಲೊಬ್ಬ.) ಉದ್ದ, ಅಗಲ, ಬರಿ ದೋಣಿಯ ತೂಕ ಇಷ್ಟು ಸಿಕ್ಕರೆ ಅರ್ಧ ಕೈಪಿಡಿ ಸಿಕ್ಕಂತೆ.

ಹಿನ್ನೀರು:
ನಾಲ್ಕು ರಂಧ್ರ ಕೊರೆದೆ. ಮೇಲಿನ ಎರಡರಲ್ಲಿ ಪುಡಿ ಕಂದಗೆ, ಸ್ವಲ್ಪ ಹಸಿ. ಕೆಳಗಿನ ಎರಡರಲ್ಲಿ ಬಂದದ್ದನ್ನು ಪುಡಿ ಎನ್ನಲಾಗದು. ಕಪ್ಪು ಕೆಸರು, ಬೆರಳಲ್ಲಿ ಹಿಚುಕಿದರೆ ನೀರು ಇಳಿಯಿತು. ಬಿಟ್ ಹೊರಗೆ ತೆಗೆದ ಮೇಲೆ ರಂಧ್ರದಿಂದ ಕಂದು ನೀರು ಹನಿಯತೊಡಗಿತು. ಕೆಳಗೊಂದು ಡಬ್ಬಿ ಇಟ್ಟೆ. ಎರಡು ದಿನವಾದರೂ ನಿಂತಿಲ್ಲ. ದೋಣಿ ನೀರಿಗಿಳಿದು ಐದು ವರ್ಷವಾಗಿದೆ ಎಂದು ಮಾರಿದವರು ಹೇಳಿದ್ದರು!

ರಂಧ್ರಗಳ ಮೂಲಕ ತೆಳುವಾದ ಎಪಾಕ್ಸಿಯನ್ನು, ಅಂದರೆ ಎರಡು ದ್ರವ ಕಲಸಿ ಗಟ್ಟಿಯಾಗಿಸುವ ರಾಳವನ್ನು, ಸಿರಿಂಜಿನಲ್ಲಿ ತುಂಬಿದರೆ ಕೊಳೆತ ಮರ ಕಲ್ಲಾಗುತ್ತದೆ ಎಂದು ಎಲ್ಲೋ ಓದಿದೆ. ಹೌದೇ?

ಒದ್ದೆ ಪ್ಲೈ:
ಇಲ್ಲ. ಒದ್ದೆ ಸ್ಪಂಜಿಗೆ ಎಣ್ಣೆ ಹೊಯ್ದರೆ ಒಳಗೆ ಹೋಗುತ್ತದೆಯೇ? ಮರದ ರಂಧ್ರಗಳಲ್ಲಿ ನೀರು ತುಂಬಿರುವಾಗ ರಾಳಕ್ಕೆ ಅಲ್ಲಿ ಜಾಗವಿಲ್ಲ. ಅದು ಬಿರುಕುಗಳಲ್ಲಿ ಹರಿದು ಅಲ್ಲಲ್ಲಿ ಗಂಟುಕಟ್ಟುತ್ತದೆ, ಸುತ್ತ ಕೊಳೆಯುವುದು ಮುಂದುವರಿಯುತ್ತದೆ. ಪೂರ್ತಿ ಒಣಗಿದ, ಸಣ್ಣ ಹುಳುಕಿಗೆ ಆ ಉಪಾಯ ಸರಿ. ಎಂಜಿನ್ ಹೊರುವ ಗೋಡೆಗೆ ಬೇಡ. ಕೊಳೆತದ್ದನ್ನು ತೆಗೆಯಬೇಕು, ಹೊಸದನ್ನು ಕೂರಿಸಬೇಕು.

ಅಂದಹಾಗೆ ಆ ಕಂದು ಗೆರೆಯ ವಿಷಯ ಯಾರೂ ಎತ್ತಲಿಲ್ಲ. ಹಿಂಭಾಗದಲ್ಲಿ ಅಷ್ಟು ಮೇಲಿದೆ ಎಂದರೆ ದೋಣಿ ಕುಂಡೆ ಊರಿ ತೇಲುತ್ತಿತ್ತು. ಟ್ರೇಲರ್ ಸಮೇತ ತೂಕ ಹಾಕಿಸಿ ನೋಡಿ.

ಹಿನ್ನೀರು:
ತೂಕ ಹಾಕಿಸಿದೆ. ಕೈಹಾಳೆಯೂ ಸಿಕ್ಕಿತು, ಚುಕ್ಕಾಣಿ ಅವರಿಗೆ ಋಣಿ. ಅದರ ಪ್ರಕಾರ ಬರಿ ದೋಣಿ 410 ಕೆ.ಜಿ. ಎಂಜಿನ್, ಬ್ಯಾಟರಿ, ಟ್ಯಾಂಕು ಸೇರಿಸಿದರೆ ಹೆಚ್ಚೆಂದರೆ 560 ಆಗಬೇಕು. ಟ್ರೇಲರಿನ ತೂಕ ಕಳೆದರೆ ಉಳಿದದ್ದು 790. ಮೂರು ಜನ ದಪ್ಪ ಆಸಾಮಿಗಳು ನೆಲದ ಕೆಳಗೆ ಮಲಗಿರುವಂತಿದೆ.

ನಿಧಾನಗತಿ:
ಅವರು ಮಲಗಿರುವುದು ಫೋಮಿನಲ್ಲಿ. ನೆಲದ ಕೆಳಗೆ ದೋಣಿ ಮುಳುಗದಿರಲೆಂದು ಪಾಲಿಯುರೆಥೇನ್ ಫೋಮ್ ಸುರಿದಿರುತ್ತಾರೆ. ಒಣಗಿರುವಾಗ ಒಂದು ಘನ ಮೀಟರಿಗೆ ಸುಮಾರು 32 ಕೆ.ಜಿ. ತೂಗುತ್ತದೆ. ಒಳಗಿನ ಸಣ್ಣ ಗಾಳಿಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ನೀರು ಕುಡಿಯುವುದಿಲ್ಲ ಎಂಬುದು ಹೊಸದರಲ್ಲಿ ನಿಜ. ದಶಕಗಳ ಕಾಲ ನೀರಿನಲ್ಲಿ ಕುಳಿತು, ಅಲೆಯ ಹೊಡೆತಕ್ಕೆ ಸಿಕ್ಕರೆ ಗುಳ್ಳೆಗಳು ಒಡೆದು ನೀರು ಹೀರುತ್ತವೆ. ಹೀರಿದ್ದು ಹೊರಗೆ ಬರುವುದಿಲ್ಲ. ಬಿಸಿಲಿಗಿಟ್ಟು ಒಣಗಿಸುವ ಆಸೆ ಬೇಡ. ನೆಲ ಕತ್ತರಿಸಬೇಕು.

ಲಂಗರು:
ನಾನು ಮೊದಲೇ ಹೇಳಿದ್ದೆ.

ಒದ್ದೆ ಪ್ಲೈ:
ಲಂಗರು ಅವರೇ, ನೀವು ಹೇಳಿದ್ದು ದೋಣಿ ಕತ್ತರಿಸಲು. ಇವರು ಕತ್ತರಿಸುತ್ತಿರುವುದು ನೆಲವನ್ನು.

ಹಿನ್ನೀರು ಅವರೇ, ಕತ್ತರಿಸುವ ಮೊದಲು ಒಂದು ಮಾತು, ಇದನ್ನು ಮರೆತವರ ದೋಣಿಗಳನ್ನು ನೋಡಿದ್ದೇನೆ. ನೆಲ ಮತ್ತು ಅದರ ಕೆಳಗಿನ ಉದ್ದ ತೊಲೆಗಳು, ಅಂದರೆ ಸ್ಟ್ರಿಂಗರ್‌ಗಳು, ದೋಣಿಯ ಬೆನ್ನೆಲುಬು. ಅವನ್ನು ತೆಗೆದ ಮೇಲೆ ಉಳಿಯುವುದು ಬಳುಕುವ ಚಿಪ್ಪು. ಟ್ರೇಲರಿನ ಎರಡು ಪಟ್ಟಿಗಳ ಮೇಲೆ ಅದು ನಿಧಾನವಾಗಿ ಜೋತುಬೀಳುತ್ತದೆ, ನೀವು ಹೊಸ ತೊಲೆ ಕೂರಿಸಿದಾಗ ಆ ವಕ್ರ ಶಾಶ್ವತವಾಗುತ್ತದೆ. ತಳ ಹಿಂಭಾಗದಲ್ಲಿ ಒಳಕ್ಕೆ ಡೊಂಕಾದರೆ ಓಡುವಾಗ ಮೂತಿ ನೀರಿಗೆ ಒತ್ತುತ್ತದೆ, ಹೊರಕ್ಕೆ ಉಬ್ಬಿದರೆ ದೋಣಿ ಕುಪ್ಪಳಿಸುತ್ತದೆ. ಹಾಗಾಗಿ ಮೂರು ನಾಲ್ಕು ಕಡೆ ತಳದ ಆಕಾರಕ್ಕೆ ಸರಿಯಾಗಿ ಮರದ ಆಸರೆ ಕೊಡಿ. ಉದ್ದಕ್ಕೆ ದಾರ ಎಳೆದು ಕಟ್ಟಿ ನೋಡಿ. ಎರಡೂ ತೊಲೆಗಳನ್ನು ಒಟ್ಟಿಗೆ ತೆಗೆಯಬೇಡಿ, ಒಂದನ್ನು ಬದಲಿಸಿ ಗಟ್ಟಿಯಾದ ಮೇಲೆ ಇನ್ನೊಂದು. ಟ್ರಾನ್ಸಮ್ಮಿಗೂ ಇದೇ ಮಾತು: ಒಳಪದರ ಕತ್ತರಿಸಿ ಒಳಗಿನಿಂದ ಕೆಲಸ ಮಾಡಿ, ಹೊರಪದರ ಅಚ್ಚಿನಂತೆ ಆಕಾರ ಹಿಡಿದುಕೊಳ್ಳುತ್ತದೆ.

ಹಿನ್ನೀರು:
ಮೂರು ವಾರ ಬರೆಯಲಿಲ್ಲ, ಕ್ಷಮಿಸಿ. ಫೋಮ್ ತೆಗೆಯುತ್ತಿದ್ದೆ. ಮೇಲಿನ ನಾಲ್ಕು ಬೆರಳು ಒಣಗಿ ಬ್ರೆಡ್ಡಿನಂತೆ ಬಂತು, ಖುಷಿಯಾಯಿತು. ಅದರ ಕೆಳಗೆ ಗುದ್ದಲಿ ಹಾಕಿದರೆ ಚಪ್ ಎಂದು ಸದ್ದು. ಇಟ್ಟಿಗೆ ಗಾತ್ರದ ತುಂಡೊಂದನ್ನು ಎತ್ತಿದರೆ ಇಟ್ಟಿಗೆಯಷ್ಟೇ ಭಾರ. ಕೊಳೆತ ಎಲೆಯ ವಾಸನೆ. ಚೀಲಗಳನ್ನು ಒಂದೊಂದಾಗಿ ತೂಗುತ್ತ ಹೋದೆ, ಫೋಮ್ ಮತ್ತು ಕೊಳೆತ ಪ್ಲೈವುಡ್ ಸೇರಿ 260 ಕೆ.ಜಿ. ಟ್ರಾನ್ಸಮ್ಮಿನ ಪ್ಲೈವುಡ್ ಕೀಳಲು ಉಳಿ ಬೇಕಾಗಲೇ ಇಲ್ಲ, ಕೆಳಗಿನ ಅರ್ಧ ಕೈಯಲ್ಲೇ ಬಂತು. ವಿಚಿತ್ರವೆಂದರೆ ಕೊಳೆತ ಶುರುವಾದದ್ದು ಎಂಜಿನ್ ಬೋಲ್ಟುಗಳಿಂದಲ್ಲ. ನೀರು ಬಸಿಯುವ ಬಿರಡೆಯ ಹಿತ್ತಾಳೆ ಕೊಳವೆಯ ಸುತ್ತ ಮರ ಪೂರ್ತಿ ಮಣ್ಣಾಗಿತ್ತು. ಕಾರ್ಖಾನೆಯಲ್ಲಿ ರಂಧ್ರ ಕೊರೆದವರು ಬರಿ ಮರದ ಮೇಲೆ ಕೊಳವೆ ತುರುಕಿದ್ದಾರೆ, ಒಂದು ತೊಟ್ಟು ರಾಳ ಹಚ್ಚಿಲ್ಲ.

ಗ್ರೈಂಡರ್ ಹಿಡಿದ ಮೊದಲ ದಿನ ಅರ್ಧ ತೋಳಿನ ಅಂಗಿ ಹಾಕಿದ್ದೆ. ಆ ರಾತ್ರಿಯ ತುರಿಕೆಯ ಬಗ್ಗೆ ಹೇಳುವುದಿಲ್ಲ.

ಒದ್ದೆ ಪ್ಲೈ:
ಮೈ ಪೂರ್ತಿ ಮುಚ್ಚುವ ಕಾಗದದ ಉಡುಪು, ತೋಳಿನ ಅಂಚಿಗೆ ಟೇಪು. ಮುಗಿದ ಮೇಲೆ ತಣ್ಣೀರು, ಬಿಸಿನೀರಲ್ಲ. ಧೂಳಿಗೆ ಒಂದು ಬಗೆಯ ಮುಖವಾಡ, ರಾಳದ ಆವಿಗೆ ಇನ್ನೊಂದು. ಧೂಳಿನ ಫಿಲ್ಟರು ಆವಿಯನ್ನು ತಡೆಯುವುದಿಲ್ಲ.

ಆ ಬಿರಡೆಯ ಕೊಳವೆಯ ಬಗ್ಗೆ ಬರೆದಿರಲ್ಲ, ಅದೇ ಕಥೆ ಎಲ್ಲ ಹಳೆಯ ದೋಣಿಗಳದ್ದು. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ಅದರ ಹೊಟ್ಟೆಯೊಳಗಿನ ಮರ ಕೊಳೆಯುತ್ತದೆ. ಹೊಸ ಟ್ರಾನ್ಸಮ್ಮಿನಲ್ಲಿ ಪ್ರತಿ ರಂಧ್ರವನ್ನೂ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ರಂಧ್ರ ಕೊರೆಯಿರಿ. ಆಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ, ಅಂಟು ಸೋರಿದರೂ ನೀರಿಗೆ ಮರ ಸಿಗುವುದಿಲ್ಲ.

ಹಿನ್ನೀರು:
ಈಗ ದೊಡ್ಡ ಪ್ರಶ್ನೆ. ಪಾಲಿಯೆಸ್ಟರೋ ಎಪಾಕ್ಸಿಯೋ?

ಚುಕ್ಕಾಣಿ:
ಅಯ್ಯೋ, ಶುರುವಾಯಿತು.

ಲಂಗರು:
ಪಾಲಿಯೆಸ್ಟರ್. ದೋಣಿ ಹುಟ್ಟಿದ್ದೇ ಅದರಲ್ಲಿ, ಇಷ್ಟು ವರ್ಷ ಬಾಳಿದ್ದೂ ಅದರಲ್ಲಿ. ಎಪಾಕ್ಸಿ ಕೈಬಿಚ್ಚಿ ಖರ್ಚು ಮಾಡುವವರಿಗೆ.

ನಿಧಾನಗತಿ:
ಲಂಗರು ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾರ್ಖಾನೆಯಲ್ಲಿ ಒಂದು ಪದರ ಪೂರ್ತಿ ಗಟ್ಟಿಯಾಗುವ ಮೊದಲೇ ಮುಂದಿನದನ್ನು ಹಾಸುತ್ತಾರೆ, ಎರಡೂ ರಾಸಾಯನಿಕವಾಗಿ ಬೆಸೆದು ಒಂದೇ ಆಗುತ್ತವೆ. ನಿಮ್ಮ ದೋಣಿಯ ಚಿಪ್ಪು ಗಟ್ಟಿಯಾಗಿ ದಶಕಗಳಾಗಿವೆ. ಅದರ ಮೇಲೆ ಹೊಸ ಪಾಲಿಯೆಸ್ಟರ್ ಹಾಕಿದರೆ ಅದು ಗೀರುಗಳಲ್ಲಿ ಹಲ್ಲೂರಿ ನಿಲ್ಲುತ್ತದೆ, ಬೆಸೆಯುವುದಿಲ್ಲ. ಎಪಾಕ್ಸಿ ಸ್ವತಃ ಒಳ್ಳೆಯ ಅಂಟು, ಹಳೆಯ ಗಾಜನ್ನೂ ಮರವನ್ನೂ ಚೆನ್ನಾಗಿ ಕಚ್ಚುತ್ತದೆ. ಒರಟು ಕಾಗದದಿಂದ ಹೊಳಪು ಪೂರ್ತಿ ಹೋಗುವಂತೆ ಉಜ್ಜಿ, ಅಗಲವಾಗಿ ಹರಡಿ ಹಾಸಿದರೆ ಪಾಲಿಯೆಸ್ಟರಿನಲ್ಲೂ ಟ್ರಾನ್ಸಮ್ ನಿಲ್ಲುತ್ತದೆ, ಸಾವಿರಾರು ನಿಂತಿವೆ. ಆದರೆ ಎರಡನ್ನು ಹೇಗೆಂದರೆ ಹಾಗೆ ಬೆರೆಸಬೇಡಿ. ಹಳೆಯ ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಕೂರುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರನ್ನು ನಂಬಿ ಭಾರ ಹೊರಿಸಬಾರದು.

ಗಾಜಿನ ನಾರಿನ ಹಾಸಿನ, ಅಂದರೆ ಮ್ಯಾಟಿನ, ವಿಷಯದಲ್ಲೂ ಎಚ್ಚರ. ತುಂಡು ನಾರಿನ ಮ್ಯಾಟಿನಲ್ಲಿ ನಾರುಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗಲೆಂದೇ ಮಾಡಿದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಮ್ಯಾಟು ಕರಗದೆ ಸೆಟೆದು ನಿಲ್ಲುತ್ತದೆ, ಮೂಲೆಯಲ್ಲಿ ಬಾಗುವುದಿಲ್ಲ. ಎಪಾಕ್ಸಿಗೆ ಹೊಲಿಗೆ ಹಾಕಿದ ಬೈಆಕ್ಸಿಯಲ್ ಬಟ್ಟೆ, ಅಂದರೆ ನಾರುಗಳು ಎರಡು ದಿಕ್ಕಿಗೆ ಓಡುವ ಗಾಜಿನ ಬಟ್ಟೆ, ತನ್ನಿ.

ಇನ್ನೊಂದು. ಪಾಲಿಯೆಸ್ಟರಿಗೆ ಹಾಕುವ ಎಂಇಕೆಪಿ ವೇಗವರ್ಧಕವನ್ನು ಹವೆ ನೋಡಿಕೊಂಡು ಶೇಕಡಾ 1ರಿಂದ 2ರ ನಡುವೆ ಹೆಚ್ಚುಕಡಿಮೆ ಮಾಡಬಹುದು. (ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕವಿಲ್ಲದೆ ಬಾಟಲಿ ತೆರೆಯಬೇಡಿ.) ಎಪಾಕ್ಸಿಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಬೇಗ ಗಟ್ಟಿಯಾಗಲೆಂದು ಗಟ್ಟಿಕಾರಕವನ್ನು ಹೆಚ್ಚು ಸುರಿದರೆ ಅದು ಎಂದೆಂದಿಗೂ ಅಂಟಂಟಾಗಿಯೇ ಉಳಿಯುತ್ತದೆ. ತಕ್ಕಡಿಯಲ್ಲಿ ತೂಗಿ.

ಹಿನ್ನೀರು:
ಎಪಾಕ್ಸಿಯನ್ನೇ ಆರಿಸಿದೆ. ತಕ್ಕಡಿಯಲ್ಲಿ ತೂಗಿದೆ. ಆದರೂ ಎಡವಟ್ಟು ಮಾಡಿಕೊಂಡೆ. ಪದೇ ಪದೇ ಕಲಸುವುದೇಕೆಂದು ಒಂದೂವರೆ ಕಿಲೋ ಒಟ್ಟಿಗೆ ಬಕೆಟಿನಲ್ಲಿ ಕಲಸಿಟ್ಟು ಪ್ಲೈವುಡ್ಡಿನ ಅಂಚು ಸರಿಮಾಡಲು ಹೋದೆ. ಹದಿನೈದು ನಿಮಿಷದಲ್ಲಿ ಬಕೆಟ್ ಮುಟ್ಟಲಾಗದಷ್ಟು ಬಿಸಿ, ಆಮೇಲೆ ಹಳದಿ ನೊರೆ, ಆಮೇಲೆ ಹೊಗೆ. ಅಂಗಳಕ್ಕೆ ಒದ್ದು ಹಾಕಿದೆ. ಬಕೆಟಿನ ತಳ ಕರಗಿ ಒಳಗಿನ ಮುದ್ದೆ ಬಿರುಕುಬಿಟ್ಟ ಅಂಬರಿನಂತೆ ಕೂತಿದೆ.

ನಿಧಾನಗತಿ:
ಒಂದೇ ಕಡೆ ಗುಡ್ಡೆಯಾಗಿದ್ದರೆ ಅದರ ಬಿಸಿಗೆ ಅದೇ ಕಾಯುತ್ತದೆ. ಕಲಸಿದ ಕೂಡಲೇ ಅಗಲವಾದ ತಟ್ಟೆಗೆ ತೆಳ್ಳಗೆ ಸುರಿಯಿರಿ, ಕೆಲಸದ ಸಮಯ ಹೆಚ್ಚು ಸಿಗುತ್ತದೆ.

ಹಿನ್ನೀರು:
ಟ್ರಾನ್ಸಮ್ ಕೂತಿತು. 18 ಮಿ.ಮೀ. ಮೆರೈನ್ ಪ್ಲೈವುಡ್ಡಿನ ಎರಡು ಹಲಗೆಗಳು. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಮೂರು ಸಲ ತಿದ್ದಿದೆ. ಹೊರಪದರದ ಒಳಮೈಗೆ ಮಂದ ಎಪಾಕ್ಸಿಯನ್ನು ಹಲ್ಲಿನ ಕರಣೆಯಿಂದ ಸಾಲುಸಾಲಾಗಿ ಎಳೆದೆ. ಹಲಗೆ ಒತ್ತಿ, ಹಳೆಯ ಎಂಜಿನ್ ರಂಧ್ರಗಳ ಮೂಲಕವೇ ಬೋಲ್ಟು ಹಾಕಿ, ಹೊರಗೊಂದು ಒಳಗೊಂದು ಅಡ್ಡಪಟ್ಟಿ ಕೊಟ್ಟು ನಿಧಾನವಾಗಿ ಬಿಗಿದೆ. ಸುತ್ತಲೂ ಅಂಚಿನಿಂದ ರಾಳ ಒಂದೇ ಸಮನೆ ಉಕ್ಕಿತು, ಎಡಗಡೆಯ ಕೆಳಮೂಲೆಯೊಂದನ್ನು ಬಿಟ್ಟು. ಅಲ್ಲಿ ಟೊಳ್ಳು ಉಳಿದಿತ್ತು. ಇನ್ನೂ ಹಸಿ ಇರುವಾಗಲೇ ಬಿಚ್ಚಿ ಆ ಮೂಲೆಗೆ ಇನ್ನಷ್ಟು ತುಂಬಿ ಮತ್ತೆ ಬಿಗಿದೆ. ಮರುದಿನ ಸುತ್ತಿಗೆಯಿಂದ ತಟ್ಟಿದೆ. ಈ ತುದಿಯಿಂದ ಆ ತುದಿಗೆ ಟಕ್ ಟಕ್ ಟಕ್.

ಒದ್ದೆ ಪ್ಲೈ:
ಆ ಎಡಮೂಲೆಯನ್ನು ಬಿಚ್ಚಿ ತುಂಬಿದಿರಲ್ಲ, ಹತ್ತರಲ್ಲಿ ಎಂಟು ಜನ "ಪರವಾಗಿಲ್ಲ" ಎಂದು ಬಿಟ್ಟುಬಿಡುತ್ತಿದ್ದರು. ಒಳಗಿನ ಮೂಲೆಗಳನ್ನು ಗುಂಡಗೆ ತುಂಬಿ ಆಮೇಲೆ ಬಟ್ಟೆ ಹಾಸಿ, ಚೂಪು ಮೂಲೆಯಲ್ಲಿ ನಾರು ಎದ್ದುಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಜಿಡ್ಡಿನಂಥ ಪದರ ಬಂದಿದ್ದರೆ ಬರಿ ನೀರಿನಿಂದ ತೊಳೆದೇ ಉಜ್ಜಿ.

ಹಿನ್ನೀರು:
ಫೋಮ್ ಮತ್ತೆ ಹಾಕಬೇಕೇ? ಅದೇ ಕಳ್ಳನಿಗೆ ಮತ್ತೆ ಬೀಗದಕೈ ಕೊಟ್ಟಂತಾಗುವುದಿಲ್ಲವೇ?

ನಿಧಾನಗತಿ:
ಹಾಕಲೇಬೇಕು. ಅದು ದೋಣಿಗೆ ನೀರು ತುಂಬಿದರೂ ನಿಮ್ಮನ್ನು ಮೇಲೆ ಹಿಡಿದಿಡುವ ವಸ್ತು. ತಪ್ಪಿದ್ದು ಫೋಮಿನಲ್ಲಲ್ಲ, ನೀರು ಹೊರಹೋಗಲು ದಾರಿ ಬಿಡದಿರುವುದರಲ್ಲಿ. ತಳದ ನಡುಗೆರೆಯ ಉದ್ದಕ್ಕೂ ಕಾಲುವೆ ಬಿಡಿ, ತೊಲೆಗಳ ಬುಡದಲ್ಲಿ ಒಳಮೈಗೆ ರಾಳ ಬಳಿದ ಬಸಿಗಂಡಿ ಇರಲಿ. ಪಾಲಿಸ್ಟೈರೀನ್ ಹಲಗೆ ತುರುಕುವ ಯೋಚನೆ ಇದ್ದರೆ ಬಿಡಿ, ಪೆಟ್ರೋಲ್ ತಾಗಿದರೆ ಅದು ಕರಗಿಹೋಗುತ್ತದೆ.

ಚುಕ್ಕಾಣಿ:
ಎಂಜಿನ್ ಯಾವುದು ಎಂದು ಈವರೆಗೆ ಹೇಳಲೇ ಇಲ್ಲವಲ್ಲ?

ಹಿನ್ನೀರು:
ಜಾನ್ಸನ್, ಎಪ್ಪತ್ತು ಅಶ್ವಶಕ್ತಿ, ಎರಡು ಸ್ಟ್ರೋಕಿನದು. ಮೂರೂ ಸಿಲಿಂಡರುಗಳ ಕಂಪ್ರೆಷನ್ ಹೆಚ್ಚುಕಡಿಮೆ ಒಂದೇ ಇದೆ.

ಚುಕ್ಕಾಣಿ:
ಹಾಗಾದರೆ ನಿಮ್ಮದು ಎರಡು ಸಲ ಅನಾಥವಾದ ದೋಣಿ. ಜಾನ್ಸನ್ ಮತ್ತು ಎವಿನ್‌ರೂಡ್ ಮಾಡುತ್ತಿದ್ದ ಔಟ್‌ಬೋರ್ಡ್ ಮೆರೈನ್ ಕಾರ್ಪೊರೇಷನ್ 2000ದ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಎಂಜಿನ್ ವಹಿವಾಟನ್ನು ಬೊಂಬಾರ್ಡಿಯರ್ ಕೊಂಡುಕೊಂಡಿತು, 2020ರಲ್ಲಿ ಎವಿನ್‌ರೂಡ್ ತಯಾರಿಕೆಯೂ ನಿಂತಿತು. ಆದರೂ ನೋಡಿ, ನೀರೆತ್ತುವ ಪಂಪಿನ ಇಂಪೆಲ್ಲರ್, ಕಾರ್ಬ್ಯುರೇಟರ್ ಕಿಟ್, ಥರ್ಮೋಸ್ಟಾಟ್ ಇವನ್ನೆಲ್ಲ ಬೇರೆ ಕಂಪನಿಗಳು ಇಂದಿಗೂ ಮಾಡುತ್ತವೆ, ಏಕೆಂದರೆ ಅಷ್ಟು ಎಂಜಿನ್‌ಗಳು ಇನ್ನೂ ಓಡುತ್ತಿವೆ. ಓಡಿಸುವ ಮೊದಲು ಇಂಪೆಲ್ಲರ್ ಬದಲಿಸಿ, ನೋಡಲು ಚೆನ್ನಾಗಿದ್ದರೂ ಬದಲಿಸಿ. ಹಳೆಯ ಇಂಧನದ ಕೊಳವೆಗಳನ್ನೂ ಎಸೆಯಿರಿ. ಎಥನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರು ಒಳಗಿನಿಂದ ಉದುರುತ್ತದೆ.

ಲಂಗರು:
ವೈರಿಂಗ್ ಬಗ್ಗೆ ಯಾರೂ ಮಾತಾಡಿಲ್ಲ. ಹಳೆಯದನ್ನು ದುರಸ್ತಿ ಮಾಡಬೇಡಿ, ಪೂರ್ತಿ ಕಿತ್ತುಹಾಕಿ. ತವರದ ಲೇಪವಿರುವ ತಾಮ್ರದ ತಂತಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸು. ಎಂಜಿನ್ ನಿಲ್ಲಿಸುವ ಸುರಕ್ಷತಾ ಹುರಿಯನ್ನು ಮೈಗೆ ಕಟ್ಟಿಕೊಳ್ಳಿ.

ಒದ್ದೆ ಪ್ಲೈ:
ದೋಣಿ ಕತ್ತರಿಸಿ ಎಂದವರು ಈಗ ಫ್ಯೂಸಿನ ಲೆಕ್ಕ ಹೇಳುತ್ತಿದ್ದಾರೆ.

ಲಂಗರು:
ಇಷ್ಟು ಕೆಲಸ ಮಾಡಿ ಬೆಂಕಿಗೆ ಕೊಡುವುದು ಬೇಡ ಎಂದೆ, ಅಷ್ಟೇ.

ಹಿನ್ನೀರು:
ಇವತ್ತು ನೀರಿಗಿಳಿಸಿದೆ.

ಗಾಳಿತಡೆ ಇನ್ನೂ ಆಗಿಲ್ಲ, ಹಳೆಯದರ ಒಂದು ಅರ್ಧವನ್ನು ಅಚ್ಚಾಗಿ ಇಟ್ಟುಕೊಂಡು ಅಕ್ರಿಲಿಕ್ಕಿನಲ್ಲಿ ಮಾಡಿಸಬೇಕು. ಹೊರಮೈಗೆ ಬಣ್ಣ ಹಾಕಿಲ್ಲ, ಹಾಗಾಗಿ ಆ ಕಂದು ಗೆರೆ ಹಾಗೆಯೇ ಇತ್ತು. ಟ್ರೇಲರಿನಿಂದ ಜಾರಿಸಿ, ಮೊದಲು ಒಳಗೆ ಇಣುಕಿದೆ. ತಳ ಒಣ. ಬಿರಡೆಯ ಕೊಳವೆಯ ಸುತ್ತ ಬೆರಳಾಡಿಸಿದೆ. ಒಣ. ಆಮೇಲೆ ಹಿಂದಕ್ಕೆ ಬಂದು ನೋಡಿದರೆ ಕಂದು ಗೆರೆ ನೀರಿನಿಂದ ಮೂರು ಬೆರಳು ಮೇಲೆ ಒಣಗಿ ನಿಂತಿದೆ. ಎಂಜಿನ್ ತೂಗುಹಾಕಿ, ಟ್ಯಾಂಕು ತುಂಬಿಸಿ, ನಾನು ಹತ್ತಿದ ಮೇಲೂ ಎರಡು ಬೆರಳು ಮೇಲೆಯೇ ಇತ್ತು.

ಎಂಜಿನ್ ಮೂರನೇ ಎಳೆತಕ್ಕೆ ಹತ್ತಿತು. ನಿಧಾನವಾಗಿ ಚೆನ್ನಾಗಿ ಓಡುತ್ತದೆ. ವೇಗ ಹೆಚ್ಚಿಸಿ ತಳ ನೀರಿನ ಮೇಲೆ ಎದ್ದ ಮೇಲೆ ಮೂತಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ತಳ ಎಲ್ಲಾದರೂ ಉಬ್ಬಿಹೋಯಿತೇ ಎಂದು ಎದೆ ಧಸಕ್ಕೆಂದಿತು. ದಡಕ್ಕೆ ಬಂದು ನೇರ ಪಟ್ಟಿ ಹಿಡಿದು ನೋಡಿದೆ, ತಳ ನೇರವಾಗಿದೆ. ಹಾಗಾದರೆ ಇದೇನು?

ಒದ್ದೆ ಪ್ಲೈ:
ಬ್ಯಾಟರಿ ಮತ್ತು ಟ್ಯಾಂಕು ಎಲ್ಲಿವೆ?

ಹಿನ್ನೀರು:
ಎರಡೂ ಹಿಂದೆ, ಟ್ರಾನ್ಸಮ್ಮಿಗೆ ಅಂಟಿಕೊಂಡೇ. ಕೈಹಾಳೆಯ ಚಿತ್ರದಲ್ಲಿ ಟ್ಯಾಂಕು ಮಾತ್ರ ಅಲ್ಲಿದೆ. ಬ್ಯಾಟರಿಯನ್ನು ಕೇಬಲ್ ಉಳಿಯಲೆಂದು ನಾನೇ ಅಲ್ಲಿಟ್ಟೆ.

ಒದ್ದೆ ಪ್ಲೈ:
ಅದೇ. ಬ್ಯಾಟರಿಯನ್ನು ಚಾಲಕನ ಆಸನದ ಕೆಳಕ್ಕೆ ತನ್ನಿ. ಎಂಜಿನ್ನಿನ ಓರೆ ಹೊಂದಿಸುವ ಪಿನ್ನನ್ನು ಒಂದು ರಂಧ್ರ ಒಳಕ್ಕೆ ಸರಿಸಿ. ಪ್ರೊಪೆಲ್ಲರಿನ ಮೇಲಿನ ಅಗಲ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಕೂದಲೆಳೆ ಮೇಲಿದೆಯೇ ಅಳೆಯಿರಿ. ಒಂದೊಂದನ್ನೇ ಬದಲಿಸಿ ಓಡಿಸಿ ನೋಡಿ, ಮೂರನ್ನೂ ಒಟ್ಟಿಗೆ ಬೇಡ.

ಹಿನ್ನೀರು:
ಬ್ಯಾಟರಿ ಮುಂದೆ ತಂದೆ, ಬೇರೇನೂ ಮುಟ್ಟಲಿಲ್ಲ. ಕುಪ್ಪಳಿಸುವುದು ಮುಕ್ಕಾಲು ಪಾಲು ನಿಂತಿತು. ನಾಳೆ ಎಂಜಿನ್ನಿನ ಪಿನ್ನು.

ಲಂಗರು:
ಆ ಕ್ರೋಮ್ ಅಕ್ಷರಗಳು ಯಾವ ಎರಡು ಬೇಕು? ನಾನು ಕತ್ತರಿಸಿದ ದೋಣಿಗಳಲ್ಲಿ ಒಂದು ಅದೇ ಕಂಪನಿಯದು. ಡಬ್ಬಿಯಲ್ಲಿ ಎಲ್ಲೋ ಇರಬೇಕು, ಹುಡುಕುತ್ತೇನೆ.